ಮಿನ್ನೆಸೋಟಾದ ಚಳಿ, ರಸ್ತೆಯ ಉಪ್ಪು ಮತ್ತು ನಮ್ಮ ಗ್ಯಾರೇಜಿನ ನೆಲ

ಮಿನಿಯಾಪೊಲಿಸ್ ಸುತ್ತಮುತ್ತ ಮನೆ ಕೊಂಡ ಕನ್ನಡದವರು ಹಿಮ ಕರಗಿದ ಕೂಡಲೇ ಕೇಳುವ ಪ್ರಶ್ನೆ ಇದು: ಗ್ಯಾರೇಜಿನ ನೆಲಕ್ಕೆ ಎಪಾಕ್ಸಿ ಒಳ್ಳೆಯದಾ, ಪಾಲಿಯಾಸ್ಪಾರ್ಟಿಕ್ ಒಳ್ಳೆಯದಾ? ಇವೆರಡೂ ಎರಡು ದ್ರವ ಕಲಸಿ ನೆಲಕ್ಕೆ ಬಳಿದರೆ ಗಟ್ಟಿಯಾಗಿ ಕೂರುವ ಕೋಟಿಂಗ್‌ಗಳು. ನಮ್ಮ ಮನೆಯದನ್ನು ನಾನೇ ಕೈಯಾರೆ ಮಾಡಿದ್ದೇನೆ, ಆಮೇಲೆ ಗೆಳೆಯರ ಮನೆಗಳಲ್ಲೂ ಜೊತೆಗೆ ನಿಂತು ಮಾಡಿಸಿದ್ದೇನೆ. ನನ್ನ ಉತ್ತರ ಯಾವಾಗಲೂ ಒಂದೇ. ಡಬ್ಬಿಯ ಮೇಲಿನ ಹೆಸರು ಆಮೇಲೆ ನೋಡೋಣ, ಮೊದಲು ನಿಮ್ಮ ಕಾಂಕ್ರೀಟ್ ಹೇಗಿದೆ ನೋಡಿ. ಈ ಹವೆಯಲ್ಲಿ ಕೋಟಿಂಗ್ ಮೇಲಿಂದ ಸವೆದು ಹಾಳಾಗುವುದು ಕಡಿಮೆ. ಕೆಳಗೆ ಹಿಡಿತ ಬಿಟ್ಟು ಏಳುವುದೇ ಜಾಸ್ತಿ.

ಇಲ್ಲಿನ ಚಳಿ ಎಂಥದ್ದು ಅಂದರೆ, 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್ ಆಗಿತ್ತು. ಜುಲೈನಲ್ಲಿ 35 ಡಿಗ್ರಿ ಮುಟ್ಟುವುದೂ ಉಂಟು, ಅದೂ ಬೆವರು ಸುರಿಸುವ ಸೆಕೆ. ಆದರೆ ಒಣ ಕಾಂಕ್ರೀಟ್ ಬರೀ ಚಳಿಗೆ ಹೆದರುವುದಿಲ್ಲ. ಅದನ್ನು ತಿನ್ನುವುದು ನೀರು ಮತ್ತು ಉಪ್ಪು ಎರಡೂ ಸೇರಿ. ರಸ್ತೆಗೆ ಹಾಕುವ ಸಾಮಾನ್ಯ ಉಪ್ಪು ಸುಮಾರು ಮೈನಸ್ 9 ಡಿಗ್ರಿಯವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಚಳಿ ಏರಿದರೆ ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಬೇಕಾಗುತ್ತದೆ, ಇವೆರಡೂ ಸಿಮೆಂಟಿನೊಳಗಿನ ಸುಣ್ಣದ ಜೊತೆ ಸೇರಿ ಕಾಂಕ್ರೀಟನ್ನೇ ಸಡಿಲ ಮಾಡುತ್ತವೆ. ಸಂಜೆ ಕಾರು ಒಳಗೆ ಬರುವಾಗ ಚಕ್ರದ ಸಂದಿಯಲ್ಲಿ ಉಪ್ಪು ಬೆರೆತ ಕೊಚ್ಚೆ ಹಿಮ ಹೆಪ್ಪುಗಟ್ಟಿರುತ್ತದೆ. ಇಂಜಿನ್ ಬಿಸಿಗೆ ಅದು ಕರಗಿ ನಾಲ್ಕೂ ಟೈರಿನ ಬುಡದಲ್ಲಿ ನಿಲ್ಲುತ್ತದೆ, ಕಾಂಕ್ರೀಟಿನ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ, ಚಳಿ ಜಾಸ್ತಿಯಾದ ರಾತ್ರಿ ಅಲ್ಲೇ ಗಟ್ಟಿಯಾಗುತ್ತದೆ. ನೀರು ಮಂಜುಗಡ್ಡೆ ಆಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಹಿಗ್ಗಲು ಜಾಗ ಇಲ್ಲದಿದ್ದರೆ ಮೇಲಿನ ಪದರವನ್ನೇ ಒಡೆದು ಎಬ್ಬಿಸುತ್ತದೆ. ಹೊರಗೆ ವಾರಗಟ್ಟಲೆ ಮೈನಸ್‌ನಲ್ಲೇ ಇರುವಾಗಲೂ ಗ್ಯಾರೇಜಿನೊಳಗೆ ಕಾರಿನ ಬಿಸಿಯಿಂದಲೇ ಈ ಕರಗು-ಹೆಪ್ಪುಗಟ್ಟು ಮತ್ತೆ ಮತ್ತೆ ನಡೆಯುತ್ತಿರುತ್ತದೆ. ನೆಲ ಟೈರ್ ನಿಲ್ಲುವ ಜಾಗದಲ್ಲೇ ಮೊದಲು ಹಾಳಾಗುವುದು ಇದರಿಂದಲೇ.

ನಮ್ಮ ಮನೆಯ ಹಿಂದಿನ ಮಾಲೀಕರು ಬೂದು ಬಣ್ಣದ ತೆಳು ಕೋಟಿಂಗ್ ಹಾಕಿಸಿದ್ದರು. ನಾವು ಬರುವ ಹೊತ್ತಿಗೆ ಟೈರ್ ಕೂರುವ ನಾಲ್ಕೂ ಕಡೆ ಅದು ಎದ್ದು ಹೋಗಿತ್ತು. ಎದ್ದ ಚೂರನ್ನು ಬಿಸಾಡಬೇಡಿ, ತಿರುಗಿಸಿ ನೋಡಿ, ಅದರ ಬೆನ್ನಿನ ಮೇಲೆ ಕಾರಣ ಇರುತ್ತದೆ. ಬೆನ್ನು ನುಣುಪಾಗಿ ಚೊಕ್ಕವಾಗಿದ್ದರೆ ಕೋಟಿಂಗ್ ಕಾಂಕ್ರೀಟನ್ನು ಹಿಡಿದೇ ಇರಲಿಲ್ಲ ಅಂತ. ಬೂದು ಪುಡಿ ಅಂಟಿಕೊಂಡಿದ್ದರೆ ಕಾಂಕ್ರೀಟಿನ ಮೇಲ್ಪದರವೇ ದುರ್ಬಲ, ಕೋಟಿಂಗ್ ಅದನ್ನು ಕಿತ್ತುಕೊಂಡೇ ಬಂದಿದೆ. ಬಿಳಿ ಉಪ್ಪಿನ ಹುಡಿ ಅಥವಾ ತೇವ ಕಂಡರೆ ನೀರು ಕೆಳಗಿನಿಂದ ಬರುತ್ತಿದೆ. ನಮ್ಮದರಲ್ಲಿ ಮುಕ್ಕಾಲು ಚೂರುಗಳು ನುಣುಪು, ಒಂದು ಮೂಲೆಯವು ಮಾತ್ರ ಬಿಳಿ. ಇಷ್ಟು ಗೊತ್ತಾದ ಮೇಲೆ ಮುಂದಿನ ದಾರಿ ಸಲೀಸಾಯಿತು.

ಊರಲ್ಲಿ ರೆಡ್ ಆಕ್ಸೈಡ್ ನೆಲ ನೋಡಿ ಬೆಳೆದವರಿಗೆ ಇಲ್ಲಿ ಒಂದು ವ್ಯತ್ಯಾಸ ತಲೆಯಲ್ಲಿರಬೇಕು. ಗಾರೆಯವರು ಆ ಕೆಂಪನ್ನು ಸಿಮೆಂಟ್ ಇನ್ನೂ ಹಸಿ ಇರುವಾಗಲೇ ಸೇರಿಸಿ ಉಜ್ಜುತ್ತಿದ್ದರು, ಬಣ್ಣವೂ ನೆಲವೂ ಒಂದೇ ಮೈ ಆಗುತ್ತಿತ್ತು. ಗ್ಯಾರೇಜ್ ಕೋಟಿಂಗ್ ಹಾಗಲ್ಲ. ಗಟ್ಟಿಯಾಗಿ ವರ್ಷಗಳಾದ ಕಾಂಕ್ರೀಟಿನ ಮೇಲೆ ಹೊಸದೊಂದು ಪದರ ಕೂರಬೇಕು, ಕೂರಲು ಅದಕ್ಕೆ ಹಿಡಿತ ಬೇಕು. ಹೊಸ ಮನೆಯಾದರೆ ಕಾಂಕ್ರೀಟ್ ಹಾಕಿ ಕಡೇಪಕ್ಷ 28 ದಿನ ಆಗಿರಲೇಬೇಕು.

ಬಿಳಿ ಬಂದಿದ್ದ ಆ ಮೂಲೆ ನನಗೆ ಸುಮಾರು ಕೆಲಸ ಕೊಟ್ಟಿತು. ತೇವ ಪರೀಕ್ಷೆ ಸುಲಭ: 18 ಇಂಚು ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಕಡೆ ಗಾಳಿ ಹೋಗದಂತೆ ಟೇಪ್ ಹಾಕಿ ಅಂಟಿಸಿ, ಕನಿಷ್ಠ 16 ಗಂಟೆ ಬಿಡಬೇಕು. ತೆಗೆದಾಗ ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ, ಕಾಂಕ್ರೀಟ್ ಕಪ್ಪಾಗಿದ್ದರೆ ತೇವ ಇದೆ ಅಂತ ಅರ್ಥ. ನಾನಿದನ್ನು ಏಪ್ರಿಲ್‌ನಲ್ಲಿ ಮಾಡಿದೆ, ಹಿಮ ಕರಗಿ ಮಣ್ಣು ನೆನೆದಿರುವ ಕಾಲ. ಆಗಸ್ಟ್‌ನಲ್ಲಿ ಮಾಡಿ ಒಣಗಿದೆ ಅಂದುಕೊಂಡರೆ ಅದು ವರ್ಷದ ಅತಿ ಒಳ್ಳೆಯ ದಿನದ ಉತ್ತರ, ಅಲ್ವಾ? ಬೇರೆ ಕಡೆ ಹಾಳೆ ಒಣಗಿತ್ತು, ಮೂಲೆಯಲ್ಲಿ ಮಾತ್ರ ಚೌಕಾಕಾರದ ಕಪ್ಪು ಗುರುತು. ಹೊರಗೆ ಹೋಗಿ ನೋಡಿದರೆ ಚಾವಣಿಯ ನೀರಿನ ಪೈಪ್ ಅದೇ ಗೋಡೆಯ ಬುಡಕ್ಕೆ ಸುರಿಯುತ್ತಿತ್ತು. ಪೈಪನ್ನು ಉದ್ದ ಮಾಡಿ ನೀರನ್ನು ದೂರ ಬಿಟ್ಟೆ, ಗೋಡೆಯ ಬದಿ ಮಣ್ಣು ಏರಿಸಿ ಇಳಿಜಾರು ಮಾಡಿದೆ. ಬೇಸಿಗೆಯಲ್ಲಿ ಒಂದು ದೊಡ್ಡ ಮಳೆ ಬಂದ ಮೇಲೆ ಮತ್ತೆ ಹಾಳೆ ಅಂಟಿಸಿದಾಗ ಒಣಗಿತ್ತು. ಅಲ್ಲಿಯವರೆಗೆ ಒಂದು ಡಬ್ಬಿಯನ್ನೂ ಕೊಂಡಿರಲಿಲ್ಲ. ಇದಕ್ಕಿಂತ ನಿಖರವಾದದ್ದು ಬೇಕಿದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಕಿಟ್ ಸಿಗುತ್ತದೆ, ಆ ಉಪ್ಪು ನೆಲದಿಂದ ಎಷ್ಟು ತೇವ ಹೀರಿತು ಅಂತ ತೂಕ ಮಾಡಿ ನೋಡುವುದು. ಸಾವಿರ ಚದರ ಅಡಿಗೆ 24 ಗಂಟೆಯಲ್ಲಿ 3 ಪೌಂಡ್‌ಗಿಂತ ಜಾಸ್ತಿ ತೇವ ಬಂದರೆ ಬೇಡ ಅಂತ ಅನೇಕ ಕೋಟಿಂಗ್‌ಗಳ ಮಾಹಿತಿ ಹಾಳೆಯಲ್ಲಿ ಬರೆದಿರುತ್ತದೆ. ಆ ಮಿತಿ ದಾಟಿದರೆ ಮೊದಲು ತೇವ ತಡೆಯುವ ಎಪಾಕ್ಸಿ ಪ್ರೈಮರ್ ಬೇಕು.

ಈಗ ಯಾವ ಮಾಲು ಅನ್ನೋದು. ಅಂಗಡಿಯಲ್ಲಿ ಸಿಗುವ ಅಗ್ಗದ ಕಿಟ್ ಬಹುತೇಕ ನೀರು ಬೆರೆತ ಎಪಾಕ್ಸಿ. ಅದರಲ್ಲಿ ಅರ್ಧದಷ್ಟು ಭಾಗ ಒಣಗುವಾಗ ಹಾರಿ ಹೋಗುತ್ತದೆ, ಕೊನೆಗೆ ನೆಲದ ಮೇಲೆ ಉಳಿಯುವುದು ಬಣ್ಣದಷ್ಟು ತೆಳು ಪದರ. ಟೈರಿಗೆ ಅದು ತಡೆಯುವುದಿಲ್ಲ. ಹೆದ್ದಾರಿಯಿಂದ ಬಂದ ಬಿಸಿ ಟೈರ್ ಅದನ್ನು ಮೆತ್ತಗೆ ಮಾಡುತ್ತದೆ, ಆರುವಾಗ ಕುಗ್ಗುತ್ತಾ ಎಳೆಯುತ್ತದೆ, ಮರುದಿನ ಕಾರು ತೆಗೆದಾಗ ಚೂರು ಅದರ ಜೊತೆಗೇ ಬರುತ್ತದೆ. ನೂರಕ್ಕೆ ನೂರು ಘನಾಂಶದ ಎಪಾಕ್ಸಿಯಲ್ಲಿ ಹಾರಿ ಹೋಗುವ ಭಾಗ ಇರುವುದಿಲ್ಲ, ಎಷ್ಟು ದಪ್ಪ ಎಳೆದಿರೋ ಅಷ್ಟೇ ದಪ್ಪ ನಿಲ್ಲುತ್ತದೆ. ಲೆಕ್ಕ ಹೀಗೆ: ಒಂದು ಗ್ಯಾಲನ್, 1 ಮಿಲ್ ದಪ್ಪಕ್ಕೆ ಸುಮಾರು 1604 ಚದರ ಅಡಿ ಹರಡುತ್ತದೆ. ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ನಮಗೆ 10 ಮಿಲ್ ಬೇಕಿತ್ತು, ಅಂದರೆ ಗ್ಯಾಲನ್‌ಗೆ 160 ಚದರ ಅಡಿ. ಎರಡು ಕಾರಿನ 440 ಚದರ ಅಡಿ ನೆಲಕ್ಕೆ ಹತ್ತಿರ ಹತ್ತಿರ 3 ಗ್ಯಾಲನ್. ಒಂದು ಗ್ಯಾಲನ್‌ನಲ್ಲಿ ಪೂರ್ತಿ ಗ್ಯಾರೇಜ್ ಮುಗಿಯುತ್ತದೆ ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ಹಾಕಿ ನೋಡಿ.

ಎಪಾಕ್ಸಿಗೆ ಎರಡು ಕೊರತೆ. ಬಿಸಿಲು ಬಿದ್ದ ಕಡೆ ಹಳದಿಯಾಗುತ್ತದೆ, ಸಾಮಾನ್ಯ ಎಪಾಕ್ಸಿ 10 ಡಿಗ್ರಿಗಿಂತ ಕೆಳಗೆ ಸರಿಯಾಗಿ ಗಟ್ಟಿಯಾಗುವುದಿಲ್ಲ. ಪಾಲಿಯಾಸ್ಪಾರ್ಟಿಕ್ ಈ ಎರಡಕ್ಕೂ ಉತ್ತರ. ಇದು ಪಾಲಿಯೂರಿಯಾ ಅನ್ನುವ ಪ್ಲಾಸ್ಟಿಕ್ ಕುಲದ್ದೇ, 1990ರ ದಶಕದಲ್ಲಿ ಬಳಕೆಗೆ ಬಂತು, ಬಿಸಿಲಿಗೆ ಬಣ್ಣ ಕೆಡುವುದಿಲ್ಲ, ಉಪ್ಪುನೀರಿಗೂ ಗೀರಿಗೂ ಚೆನ್ನಾಗಿ ತಡೆಯುತ್ತದೆ. ಆದರೆ ಬೇಗ ಗಟ್ಟಿಯಾಗುತ್ತದೆ. ಕಲಸಿದ ಮೇಲೆ ಕೈಯಲ್ಲಿರುವ ಸಮಯ ನಿಮಿಷಗಳ ಲೆಕ್ಕ, ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಇನ್ನೂ ಕಡಿಮೆ. ಒಂದೇ ದಿನದಲ್ಲಿ ಮುಗಿಸಿ ಕೊಡುತ್ತೇವೆ ಅನ್ನುವವರು ಈ ಕುಲದ ಮಾಲನ್ನೇ ಕೆಳಗೂ ಮೇಲೂ ಹಾಕುವುದು. ನುರಿತ ಕೈ ಇದ್ದರೆ ಅದೂ ಒಳ್ಳೆಯ ನೆಲವೇ. ನಾನು ಮಾಡುವುದು ನನ್ನ ಕೈಯಿಂದ, ಹಾಗಾಗಿ ಕೆಳಗೆ ನಿಧಾನವಾಗಿ ಗಟ್ಟಿಯಾಗುವ, ಕಾಂಕ್ರೀಟಿನೊಳಗೆ ಇಳಿಯಲು ಪುರುಸೊತ್ತು ಸಿಗುವ ಎಪಾಕ್ಸಿ, ಅದರ ಮೇಲೆ ವಿನೈಲ್ ಅನ್ನುವ ಪ್ಲಾಸ್ಟಿಕ್‌ನ ತೆಳು ಚಕ್ಕೆ, ಎಲ್ಲಕ್ಕೂ ಮೇಲೆ ಪಾರದರ್ಶಕ ಪಾಲಿಯಾಸ್ಪಾರ್ಟಿಕ್ ಅಂತ ತೀರ್ಮಾನ ಮಾಡಿದೆ. ಇವತ್ತು ಕೇಳಿದರೂ ಇದನ್ನೇ ಹೇಳುತ್ತೇನೆ.

ತಯಾರಿಯಲ್ಲಿ ಮೊದಲು ತೊಳೆಯುವ ಕೆಲಸ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ವರ್ಷಗಳಿಂದ ಉಪ್ಪು ಕುಡಿದ ನೆಲದ ಮೇಲೆ ಹಾಗೇ ಕೋಟಿಂಗ್ ಹಾಕಿದರೆ, ಒಳಗಿನ ಉಪ್ಪು ಕೆಳಗಿನಿಂದ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಎಣ್ಣೆ ಕಲೆಗೆ ಡಿಗ್ರೀಸರ್ ಹಾಕಿ ಉಜ್ಜಿ, ಇಡೀ ನೆಲವನ್ನು ಧಾರಾಳ ನೀರಲ್ಲಿ ಮತ್ತೆ ಮತ್ತೆ ತೊಳೆದು, ನೀರನ್ನು ನಿಲ್ಲಲು ಬಿಡದೆ ಹೊರಗೆ ತಳ್ಳಿದೆ. ಆಮೇಲೆ ಫ್ಯಾನ್ ಹಾಕಿ ಚೆನ್ನಾಗಿ ಒಣಗಲು ಬಿಟ್ಟೆ. ಎಣ್ಣೆ ಹೋಗಿದೆಯಾ ಅಂತ ನೋಡಲು ನಾಲ್ಕು ಹನಿ ನೀರು ಬಿಡಿ: ಹೀರಿಕೊಂಡರೆ ಸರಿ, ಮುತ್ತಿನ ಹಾಗೆ ನಿಂತರೆ ಎಣ್ಣೆಯೋ ಹಳೆಯ ಸೀಲರೋ ಇನ್ನೂ ಇದೆ.

ಆಸಿಡ್ ಹಾಕಿ ಒರಟು ಮಾಡುವ ಪದ್ಧತಿಗೆ ನಾನು ಹೋಗಲಿಲ್ಲ. ಆಸಿಡ್‌ಗೆ ಎಣ್ಣೆಯೂ ಹೋಗುವುದಿಲ್ಲ, ಹಳೆಯ ಕೋಟಿಂಗೂ ಹೋಗುವುದಿಲ್ಲ. ಮೊದಲೇ ಉಪ್ಪು ತಿಂದ ನೆಲಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಸುರಿದು ಇನ್ನಷ್ಟು ಕ್ಲೋರೈಡ್ ಸೇರಿಸುವುದು ಯಾಕೆ? ಬಾಡಿಗೆಗೆ ನೆಲ ಉಜ್ಜುವ ಗ್ರೈಂಡರ್ ತಂದೆ, ಒರಟು ಡೈಮಂಡ್ ಹಾಕಿಸಿಕೊಂಡು, ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ವ್ಯಾಕ್ಯೂಮ್ ಸಮೇತ. ಗೋಡೆ ಬದಿಗೆ ಕೈ ಗ್ರೈಂಡರ್. ಕಾಂಕ್ರೀಟ್ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುತ್ತದೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾದ ರೆಸ್ಪಿರೇಟರ್ ಹಾಕಿಕೊಳ್ಳಿ. ಮೇಲಿನ ನುಣುಪು ಪೂರ್ತಿ ಹೋಗಿ, ಮರಳಿನ ಕಣಗಳು ಬಿಟ್ಟುಕೊಂಡು, ಅಂಗೈ ಆಡಿಸಿದರೆ ಒರಟು ತಗುಲಬೇಕು. ಎಲ್ಲೆಲ್ಲಿ ಇನ್ನೂ ಹೊಳಪು ಕಂಡಿತೋ ಅಲ್ಲಿ ಮತ್ತೆ ಉಜ್ಜಿದೆ. ಉಪ್ಪು ತಿಂದು ಗುಂಡಿ ಬಿದ್ದ ಕಡೆ ಸಡಿಲ ಇದ್ದದ್ದನ್ನು ಉಳಿಯಿಂದ ಎಬ್ಬಿಸಿ, ಎಪಾಕ್ಸಿಗೆ ಒಣ ಮರಳು ಬೆರೆಸಿ ತುಂಬಿದೆ. ಬಿರುಕುಗಳನ್ನು ಅಗಲಿಸಿ ಫಿಲ್ಲರ್ ತುಂಬಿ ಸಮ ಮಾಡಿದೆ. ಕಾಂಕ್ರೀಟ್ ಹಾಕುವಾಗಲೇ ಕೊಯ್ದಿದ್ದ ಜಾಯಿಂಟ್‌ಗೆ ಮಾತ್ರ ಬಾಗುವ ಗುಣದ ಪಾಲಿಯೂರಿಯಾ ಫಿಲ್ಲರ್ ಹಾಕಿದೆ, ಯಾಕೆಂದರೆ ಚಳಿಗೂ ಬೇಸಿಗೆಗೂ ನೆಲ ಅಲ್ಲಿ ಅಲುಗಾಡುತ್ತಲೇ ಇರುತ್ತದೆ. ಬಾಗಿಲ ಗೆರೆಯಲ್ಲಿ ಉದ್ದಕ್ಕೆ ಒಂದು ಸಣ್ಣ ಕಾಲುವೆ ಕೊಯ್ದೆ, ಕೋಟಿಂಗಿನ ಅಂಚು ಅದರೊಳಗೆ ಇಳಿದು ಕೂತರೆ ಹಿಮ ತಳ್ಳುವ ಸಲಿಕೆ ತಗುಲಿದರೂ ಸುಲಭವಾಗಿ ಏಳುವುದಿಲ್ಲ.

ಬಳಿಯಲು ಸೆಪ್ಟೆಂಬರ್ ಆರಿಸಿಕೊಂಡೆ. ಜುಲೈನ ಸೆಕೆಯಲ್ಲಿ ತಣ್ಣನೆ ನೆಲದ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಕೂರುತ್ತದೆ, ಅದರ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ. ಗಾಳಿಯ ತೇವ ಹನಿಯಾಗಿ ಕೂರಲು ಶುರುವಾಗುವ ಉಷ್ಣತೆಗೆ ಇಬ್ಬನಿ ಬಿಂದು ಅನ್ನುತ್ತಾರೆ, ನೆಲದ ಉಷ್ಣತೆ ಅದಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು. ಹವಾಮಾನದ ಆಪ್‌ನಲ್ಲಿ ಇಬ್ಬನಿ ಬಿಂದು ಸಿಗುತ್ತದೆ, ನೆಲಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಆಯಿತು. ಇನ್ನೊಂದು ವಿಷಯ, ಬೆಳಿಗ್ಗೆ ಬಳಿಯಬೇಡಿ. ಹೊತ್ತು ಏರಿದಂತೆ ನೆಲ ಬಿಸಿಯಾಗಿ ರಂಧ್ರದೊಳಗಿನ ಗಾಳಿ ಹಿಗ್ಗಿ ಮೇಲೆ ಬರುತ್ತದೆ, ಕೋಟಿಂಗ್ ತುಂಬಾ ಗುಳ್ಳೆ. ಬಿಸಿಲು ಇಳಿಯುವ ಹೊತ್ತಿಗೆ ಶುರು ಮಾಡಿದರೆ ಆ ಕಾಟ ಇರುವುದಿಲ್ಲ.

ಅವತ್ತು ನಾವು ಮೂವರು ಇದ್ದೆವು: ನಾನು, ನನ್ನ ಹೆಂಡತಿ, ಪಕ್ಕದ ಬೀದಿಯ ಗೆಳೆಯ. ಗ್ಯಾರೇಜಿನಲ್ಲಿದ್ದ ವಾಟರ್ ಹೀಟರ್ ಬೆಂಕಿ ಆರಿಸಿದೆ, ಬಾಗಿಲು ತೆರೆದಿಟ್ಟೆ. ಗೆಳೆಯ ಡ್ರಿಲ್‌ನಲ್ಲಿ ಎರಡೂ ಭಾಗ ಕಲಸಿ ಕೊಟ್ಟ. ಕಲಸಿದ್ದನ್ನು ಬಕೆಟ್‌ನಲ್ಲೇ ಇಟ್ಟರೆ ತನ್ನ ಬಿಸಿಗೆ ತಾನೇ ಕುದಿದು ಗಟ್ಟಿಯಾಗುತ್ತದೆ, ಅದಕ್ಕೇ ಕೂಡಲೇ ನೆಲಕ್ಕೆ ಉದ್ದುದ್ದ ಸುರಿದು, ಹಲ್ಲಿನ ಸ್ಕ್ವೀಜಿಯಿಂದ ಎಳೆದು, ಮೇಲೆ ರೋಲರ್ ಆಡಿಸಿದೆ. ಹೆಂಡತಿ ಮುಳ್ಳಿನ ಶೂ ಹಾಕಿಕೊಂಡು ಹಿಂದೆಯೇ ಚಕ್ಕೆ ಎರಚುತ್ತಾ ಬಂದಳು. ಅಲ್ಲಲ್ಲಿ ಉದುರಿಸಿದರೆ ಸಾಲದು, ಹಸಿ ಎಪಾಕ್ಸಿ ಒಂದಿಷ್ಟೂ ಕಾಣದ ಹಾಗೆ ಮುಚ್ಚಬೇಕು. "ರೀ, ಆ ಮೂಲೆ ಇನ್ನೂ ಮಿಂಚ್ತಿದೆ ನೋಡಿ" ಅಂತ ಅವಳು ಹೇಳಿದ ಕಡೆಯೆಲ್ಲ ಇನ್ನೊಂದು ಹಿಡಿ ಬಿತ್ತು. ಮರುದಿನ ಎದ್ದು ನಿಂತ ಚಕ್ಕೆಗಳನ್ನು ಅಗಲ ಕರಣೆಯಿಂದ ಹೆರೆದು, ಗುಡಿಸಿ, ವ್ಯಾಕ್ಯೂಮ್ ಮಾಡಿ ಪಾಲಿಯಾಸ್ಪಾರ್ಟಿಕ್ ಬಳಿದೆವು, ಸ್ವಲ್ಪ ಸ್ವಲ್ಪವೇ ಕಲಸಿಕೊಂಡು, ಒದ್ದೆ ಅಂಚು ಒಣಗಲು ಬಿಡದೆ. ಇದರಲ್ಲಿ ಐಸೊಸೈನೇಟ್ ಅನ್ನುವ, ಉಸಿರಿಗೆ ಕೆಟ್ಟ ರಾಸಾಯನಿಕ ಇರುತ್ತದೆ, ರಾಸಾಯನಿಕ ಆವಿ ತಡೆಯುವ ರೆಸ್ಪಿರೇಟರ್ ಮತ್ತು ಕೈಗವಸು ಬೇಕೇ ಬೇಕು, ಮಕ್ಕಳು ಆ ಕಡೆ ಸುಳಿಯಬಾರದು.

ಈ ಮೇಲಿನ ಕೋಟಿಂಗಿಗೆ ಕಾಲು ಜಾರದಂತೆ ಒರಟು ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಬೆರೆಸಿದ್ದು ಅಮ್ಮನಿಗಾಗಿ. ದಾವಣಗೆರೆಯಿಂದ ಬಂದಾಗ ಗ್ಯಾರೇಜ್ ಬಾಗಿಲಿಂದಲೇ ಓಡಾಡುತ್ತಾರೆ, ಒದ್ದೆ ಬೂಟಿನಲ್ಲಿ ಹೊಳಪಿನ ನೆಲ ಜಾರುತ್ತದೆ. ಪುಡಿ ಹಾಕಿದರೆ ಒರೆಸುವುದು ಸ್ವಲ್ಪ ಕಷ್ಟ, ಆದರೂ ಹಾಕಿ.

ಕಂಟ್ರಾಕ್ಟರ್ ಕೈಲಿ ಮಾಡಿಸುವವರು ಬಣ್ಣದ ಕ್ಯಾಟಲಾಗ್ ನೋಡುವ ಮುಂಚೆ ಕೇಳಿ: ಗ್ರೈಂಡ್ ಮಾಡುತ್ತೀರಾ, ಆಸಿಡ್ಡಾ? ತೇವ ಪರೀಕ್ಷೆ ಮಾಡುತ್ತೀರಾ? ಒಣಗಿದ ಮೇಲೆ ಒಟ್ಟು ಎಷ್ಟು ಮಿಲ್? ಕೆಳಗಿನಿಂದ ಬರುವ ತೇವಕ್ಕೆ ವಾರಂಟಿ ಇದೆಯಾ? ನಾನು ಓದಿದ ವಾರಂಟಿ ಕಾಗದಗಳಲ್ಲಿ ಕೊನೆಯದಕ್ಕೆ ಇಲ್ಲ ಅಂತಲೇ ಇತ್ತು. ಹಾಗಾಗಿ ಆ ಪರೀಕ್ಷೆ ನೀವೇ ಮಾಡಿಟ್ಟುಕೊಳ್ಳಿ.

ಚಳಿಗಾಲದಲ್ಲಿ ರಾತ್ರಿ ಮಲಗುವ ಮುಂಚೆ ಕರಗಿದ ಕೊಚ್ಚೆಯನ್ನು ರಬ್ಬರ್ ಸ್ಕ್ವೀಜಿಯಿಂದ ಹೊರಗೆ ತಳ್ಳುತ್ತೇನೆ, ಹಿಮ ಹೋದ ಮೇಲೆ ಒಮ್ಮೆ ಪೂರ್ತಿ ತೊಳೆಯುತ್ತೇನೆ. ಚಳಿಗಾಲಗಳು ಕಳೆದರೂ ಟೈರಿನ ಜಾಗ ಗಟ್ಟಿಯಾಗಿದೆ, ಆ ಮೂಲೆಯಲ್ಲೂ ಬಿಳಿ ಬಂದಿಲ್ಲ. ಬಾಗಿಲಿನ ಹೊರಗಿನ ಕಾಂಕ್ರೀಟಿಗೆ ಮಾತ್ರ ಈ ಕೋಟಿಂಗ್ ತರಬೇಡಿ. ಅಲ್ಲಿ ಮಳೆ, ಹಿಮ, ಮಣ್ಣಿನ ತೇವ ಎಲ್ಲ ಕಡೆಯಿಂದಲೂ ಬರುತ್ತವೆ, ಮೇಲೆ ಪದರ ಕಟ್ಟಿದರೆ ಒಳಗಿನ ನೀರು ಸಿಕ್ಕಿಹಾಕಿಕೊಂಡು ಅಲ್ಲೇ ಹೆಪ್ಪುಗಟ್ಟುತ್ತದೆ. ಅದಕ್ಕೆ ಸಿಲೇನ್-ಸಿಲೋಕ್ಸೇನ್ ಸೀಲರ್ ಸಾಕು. ಅದು ಒಳಗೆ ಇಳಿದು ನೀರನ್ನು ತಡೆಯುತ್ತದೆ, ಆವಿಯನ್ನು ಹೊರಗೆ ಬಿಡುತ್ತದೆ. ಶರತ್ಕಾಲದಲ್ಲಿ ಒಂದು ಲೋಟ ನೀರು ಸುರಿದು ನೋಡಿ, ಕಾಂಕ್ರೀಟ್ ಕಪ್ಪಾದರೆ ಹಿಮ ಬೀಳುವ ಮುಂಚೆ ಇನ್ನೊಂದು ಕೈ ಸೀಲರ್ ಹೊಡೆಯಿರಿ.