ಎರಡು ಸಂಜೆಗೆ ಒಂದು ಕೂಸಿನ ಟೋಪಿ

ಡಿಸೆಂಬರ್ ಬಂತೆಂದರೆ ಶಿರಸಿ ಕಡೆ ಬೆಳಿಗ್ಗೆ ಅಂಗಳದಲ್ಲಿ ಹರವಿದ ಅಡಿಕೆಯೂ ಕಾಣದಷ್ಟು ಮಂಜು. ಬಾಣಂತಿ ಇರುವ ಮನೆಯಲ್ಲಿ ಆಗ ಮೊದಲು ಹುಡುಕುವುದೇ ಕೂಸಿನ ಟೋಪಿಯನ್ನು. ಹಳೇ ಸೀರೆಯಲ್ಲಿ ಹೊಲಿದ ಕುಂಚಿಗೆ ಇದ್ದೇ ಇರುತ್ತದೆ. ಆದರೆ ಕೈಯಲ್ಲಿ ಹೆಣೆದ ಟೋಪಿ ತಲೆಗೆ ತಕ್ಕಂತೆ ಹಿಗ್ಗುತ್ತದೆ, ಕಿವಿ ಮುಚ್ಚುತ್ತದೆ, ಬೇಗ ಜಾರುವುದಿಲ್ಲ.

ಹೆಣಿಗೆ ಕಲಿಯಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಸ್ವೆಟರ್ ಬೇಡ, ಟೋಪಿಯಿಂದ ಶುರು ಮಾಡಿ. ಸ್ವೆಟರ್ ಮುಗಿಯುವಷ್ಟರಲ್ಲಿ ಮಗು ಅಂಬೆಗಾಲಿಡುತ್ತಿರುತ್ತದೆ. ಟೋಪಿ ಎರಡು ಸಂಜೆಯ ಕೆಲಸ. ಅಷ್ಟರಲ್ಲೇ ಕುಣಿಕೆ ಹಾಕುವುದು, ಬಾರ್ಡರ್, ಕುಣಿಕೆ ಇಳಿಸುವುದು, ಅಂಚು ಸೇರಿಸಿ ಹೊಲಿಯುವುದು ಎಲ್ಲವೂ ಕೈಗೆ ಬಂದಿರುತ್ತದೆ. ಸೀದಾ ಮತ್ತು ಉಲ್ಟಾ ಹೆಣಿಗೆ ಗೊತ್ತಿದ್ದರೆ ಸಾಕು.

ಬೇಕಾಗುವುದು ಸುಮಾರು 25 ಗ್ರಾಂ ಉಲ್ಲನ್. ಲೇಬಲ್ ಮೇಲೆ ಡಬಲ್ ನಿಟ್ಟಿಂಗ್ ಅಥವಾ ಡಿಕೆ ಎಂದು ಇರುವ ದಪ್ಪದ್ದು. ಜೊತೆಗೆ 4 ಮಿ.ಮೀ. ದಪ್ಪದ ಎರಡು ಕಡ್ಡಿ. ಹಳೇ ಲೆಕ್ಕದಲ್ಲಿ ಇದು 8 ನಂಬರ್ ಕಡ್ಡಿ. ಆ ಲೆಕ್ಕದಲ್ಲಿ ನಂಬರ್ ಹೆಚ್ಚಾದಂತೆ ಕಡ್ಡಿ ಸಣ್ಣದಾಗುತ್ತದೆ, ನೆನಪಿರಲಿ. ಉಲ್ಲನ್ ಆರಿಸುವಾಗ ಕಣ್ಣಿಗಿಂತ ಕೆನ್ನೆಯನ್ನು ನಂಬಿ. ಉಂಡೆಯನ್ನು ಕೆನ್ನೆಗೆ ಉಜ್ಜಿ ನೋಡಿ, ಚುಚ್ಚಿದರೆ ಬೇಡ. ಕಾರವಾರ, ಕುಮಟಾದ ಸೆಕೆಗೆ ಹತ್ತಿಯ ನೂಲೇ ಒಳ್ಳೆಯದು. ಘಟ್ಟದ ಮೇಲಿನ ಮಳೆಗಾಲಕ್ಕೆ ಬೇಗ ಒಣಗುವ ಅಕ್ರಿಲಿಕ್ ಅನುಕೂಲ. ಆದರೆ ಅಕ್ರಿಲಿಕ್‌ಗೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕೂಸಿಗೆ ಕೆಂಡದ ಕಾವು ಕೊಡುವಾಗ, ಧೂಪದ ಹೊಗೆ ಹಿಡಿಯುವಾಗ ಈ ಟೋಪಿ ತಲೆ ಮೇಲೆ ಇರಲೇಬಾರದು.

ಮೊದಲು ಒಂದು ತುಂಡು ಹೆಣೆದು ಅಳೆಯಿರಿ. 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ ಬರಬೇಕು. ಜಾಸ್ತಿ ಬಂದರೆ ನಿಮ್ಮ ಕೈ ಬಿಗಿ, ದಪ್ಪ ಕಡ್ಡಿ ಹಿಡಿಯಿರಿ. ಕಡಿಮೆ ಬಂದರೆ ಸಣ್ಣ ಕಡ್ಡಿ.

ಈಗ ಕುಣಿಕೆ ಹಾಕುವುದು. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಹೆಚ್ಚುಕಡಿಮೆ 35 ಸೆಂ.ಮೀ. ಟೋಪಿ ಹಿಗ್ಗುವುದರಿಂದ ಸ್ವಲ್ಪ ಕಮ್ಮಿ ಅಳತೆ ಸಾಕು. 74 ಕುಣಿಕೆ ಹಾಕಿ. ಒಂದೂವರೆ ಮೀಟರ್ ನೂಲು ಬಾಲ ಬಿಟ್ಟುಕೊಂಡು ಶುರು ಮಾಡಿದರೆ ನಡುವೆ ಸಾಲದೆ ಬರುವುದಿಲ್ಲ. ಇಲ್ಲಿ ಅವಸರ ಬೇಡ. ನನ್ನ ಮೊದಲ ಟೋಪಿಗೆ ನಾನು ಕುಣಿಕೆಗಳನ್ನು ಎಳೆದೆಳೆದು ಹಾಕಿದ್ದೆ. ಅಕ್ಕನ ಮಗುವಿಗೆ ತೊಡಿಸಿ ಹತ್ತು ನಿಮಿಷ ಆಗಿತ್ತೋ ಇಲ್ಲವೋ, "ಬಿಗಿ ಆತು ತಂಗಿ, ತೆಗೆ" ಅಂದಳು ಆಯಿ. ತೆಗೆದು ನೋಡಿದರೆ ಹಣೆಯ ಮೇಲೆ ದಾರ ಕಟ್ಟಿದಂತೆ ಕೆಂಪು ಗೆರೆ. ಗೆರೆ ಮಾಯುವವರೆಗೆ ನನಗೆ ಸಮಾಧಾನವೇ ಇರಲಿಲ್ಲ. ಆವತ್ತಿನಿಂದ ಎರಡೂ ಕಡ್ಡಿ ಜೋಡಿಸಿ ಹಿಡಿದು, ಅವುಗಳ ಮೇಲೆ ಕುಣಿಕೆ ಹಾಕಿ, ಆಮೇಲೆ ಒಂದನ್ನು ಎಳೆದುಬಿಡುತ್ತೇನೆ. ಅಂಚು ತಾನಾಗಿ ಸಡಿಲ ಬರುತ್ತದೆ.

ಬಾರ್ಡರ್‌ಗೆ 2 ಸೀದಾ, 2 ಉಲ್ಟಾ. ಕೊನೆಗೆ 2 ಸೀದಾ ಉಳಿಯುತ್ತದೆ. ತಿರುಗಿಸಿದ ಮೇಲೆ 2 ಉಲ್ಟಾದಿಂದ ಶುರು. ಹೀಗೆ 8 ಸಾಲು. ಆಮೇಲೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಅಂಚಿನಿಂದ 10 ಸೆಂ.ಮೀ. ಆಗುವವರೆಗೆ ಹೀಗೇ ಹೆಣೆಯುತ್ತ ಹೋಗಿ, ಉಲ್ಟಾ ಸಾಲಿಗೆ ನಿಲ್ಲಿಸಿ. ದೇವಿಮನೆ ಘಟ್ಟದ ತಿರುವುಗಳಲ್ಲೂ, ಬಸ್ಸಿನಲ್ಲಿ ಕೂತು ಈ ಭಾಗ ಹೆಣೆಯಬಹುದು.

ನೆತ್ತಿಗೆ ಮಾತ್ರ ಮನೆಯಲ್ಲೇ ಕೂತು ಲೆಕ್ಕ ಇಡಿ. ಮೊದಲ ಕುಣಿಕೆ ಸೀದಾ. ಆಮೇಲೆ 6 ಸೀದಾ, ಮುಂದಿನ 2 ಸೇರಿಸಿ ಒಂದು. ಹೀಗೆ 9 ಸಲ. ಕೊನೆಯದು ಸೀದಾ. 65 ಉಳಿಯಬೇಕು. ವಾಪಸ್ ಉಲ್ಟಾ ಸಾಲು. ಮುಂದಿನ ಸೀದಾ ಸಾಲಿನಲ್ಲಿ 6ರ ಬದಲು 5, ಅದರ ಮುಂದಿನದರಲ್ಲಿ 4, ಹೀಗೆ 1ರ ತನಕ. ನಡುವಿನ ಸಾಲುಗಳು ಎಂದಿನಂತೆ ಉಲ್ಟಾ. ಕುಣಿಕೆಗಳ ಲೆಕ್ಕ 56, 47, 38, 29, 20 ಎಂದು ಇಳಿಯುತ್ತದೆ. ಲೆಕ್ಕ ತಪ್ಪಿದರೆ ಆ ಸಾಲು ಅಲ್ಲೇ ಬಿಚ್ಚಿ, ಮುಂದೆ ಸರಿಯಾಗುತ್ತದೆ ಅಂತ ಬಿಡಬೇಡಿ. ಇಳಿಸಿದ ಕಡೆಯೆಲ್ಲ ಒಂದೊಂದು ಗೆರೆ ಮೂಡಿ, ಒಂಬತ್ತೂ ನಡುವಿಗೆ ಬಂದು ಸೇರುವುದನ್ನು ನೋಡುವುದೇ ಚೆಂದ. 20 ಕುಣಿಕೆಯ ಮೇಲೆ ಒಂದು ಉಲ್ಟಾ ಸಾಲು ಆದಮೇಲೆ, ಎರಡು ತುದಿಯ ಕುಣಿಕೆ ಬಿಟ್ಟು ಉಳಿದವನ್ನೆಲ್ಲ ಎರಡೆರಡು ಸೇರಿಸಿ. 11 ಉಳಿಯುತ್ತದೆ.

40 ಸೆಂ.ಮೀ. ಬಿಟ್ಟು ನೂಲು ಕತ್ತರಿಸಿ. ದಪ್ಪ ಸೂಜಿಗೆ ಪೋಣಿಸಿ 11 ಕುಣಿಕೆಗಳ ಒಳಗಿಂದ ಎಳೆದು ಬಿಗಿದರೆ ನೆತ್ತಿ ಮುಚ್ಚಿತು. ಅದೇ ನೂಲಿನಲ್ಲಿ ಹಿಂಬದಿಯ ಅಂಚುಗಳನ್ನು ಸೇರಿಸಿ ಹೊಲಿಯಿರಿ. ಗಂಟು ಒಳಗೆ ಒತ್ತದಂತೆ ನೂಲಿನ ತುದಿಯನ್ನು ಹೆಣಿಗೆಯೊಳಗೇ ಸೇರಿಸಿಬಿಡಿ.

ಅಳತೆ ನೋಡಲು ಕೂಸು ಹತ್ತಿರ ಇಲ್ಲವಾ? ಸುಲಿದ ತೆಂಗಿನಕಾಯಿಗೆ ಟೇಪ್ ಸುತ್ತಿ, 35 ಸೆಂ.ಮೀ. ಇರುವುದನ್ನು ಹುಡುಕಿ. ನಾರು ಸಿಕ್ಕಿಕೊಳ್ಳದಂತೆ ಬಟ್ಟೆ ಸುತ್ತಿ ಟೋಪಿ ಹಾಕಿ ನೋಡಿ. ಅಂಚಿನಡಿ ಒಂದು ಬೆರಳು ಸಲೀಸಾಗಿ ತೂರಬೇಕು.

ಗುಂಡಿ, ಮಣಿ, ಕಟ್ಟುವ ದಾರ ಯಾವುದೂ ಬೇಡ. ಕಿತ್ತು ಬಂದರೆ ಬಾಯಿಗೆ ಹೋಗುತ್ತದೆ, ದಾರ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಮನೆಯೊಳಗೆ ಕೂಸು ಮಲಗಿರುವಾಗ ಟೋಪಿ ತೆಗೆದಿಡಿ. ಮೈ ಬಿಸಿ ಜಾಸ್ತಿಯಾದರೆ ಅದು ಹೆಚ್ಚಾಗಿ ತಲೆಯಿಂದ ಹೊರಗೆ ಹೋಗಬೇಕು, ಟೋಪಿ ಜಾರಿ ಮೂಗು ಮುಚ್ಚುವ ಭಯವೂ ಇದೆ. ತೂಕ ಕಮ್ಮಿ ಇರುವ ಕೂಸಿಗೆ ವೈದ್ಯರು ಹೇಳಿದಂತೆ ಮಾಡಿ.

ಮೂರು ತಿಂಗಳು ದಾಟಿದ ಕೂಸಿಗಾದರೆ 82 ಕುಣಿಕೆ ಹಾಕಿ, ನೆತ್ತಿಯಲ್ಲಿ 9ರ ಬದಲು 10 ಸಲ ಇಳಿಸಿ. ಚಿಕ್ಕ ತಲೆಗೆ 66 ಕುಣಿಕೆ, 8 ಸಲ. 50 ಗ್ರಾಂ ಉಂಡೆ ತಂದಿದ್ದರೆ ಅರ್ಧ ಉಳಿದೇ ಇರುತ್ತದೆ. ಅವಧಿಗೆ ಮೊದಲೇ ಹುಟ್ಟಿದ ಕೂಸನ್ನು ತಾಯಿಯ ಎದೆಗೆ ಅಪ್ಪಿ ಕಾವು ಕೊಡುವಾಗ ತಲೆಗೆ ಟೋಪಿ ಬೇಕೇ ಬೇಕು. ಹತ್ತಿರದ ಸರ್ಕಾರಿ ಆಸ್ಪತ್ರೆಯ ನರ್ಸ್ ಹತ್ತಿರ ಯಾವ ಅಳತೆ ಬೇಕು, ಯಾವ ನೂಲು ಆಗುತ್ತದೆ ಅಂತ ಮೊದಲೇ ಕೇಳಿ. ಉಳಿದ ಅರ್ಧ ಉಂಡೆಯಲ್ಲಿ ಅದನ್ನು ಹೆಣೆದು, ಒಗೆದು ಒಣಗಿಸಿ ಕೊಟ್ಟು ಬನ್ನಿ.