ಹೆಲ್ತ್ ಇನ್ಶೂರೆನ್ಸ್ ರಿನ್ಯೂವಲ್ ಇರೋರು ಇದನ್ನ ಒಮ್ಮೆ ನೋಡಿ

ರಿನ್ಯೂವಲ್ ಮೆಸೇಜ್ ಬಂದ ತಕ್ಷಣ ದುಡ್ಡು ಕಟ್ಬೇಡಿ, ಮೊದಲು ಬಿಲ್‌ನಲ್ಲಿ ಜಿಎಸ್‌ಟಿ ಕಾಲಂ ನೋಡಿ. 2025ರ ಸೆಪ್ಟೆಂಬರ್ 22ರಿಂದ ನಾವೇ ಸ್ವಂತವಾಗಿ ತಗೊಳ್ಳೋ ಹೆಲ್ತ್, ಲೈಫ್ ಪಾಲಿಸಿಗಳಿಗೆ ಜಿಎಸ್‌ಟಿ ಸೊನ್ನೆ, ಮುಂಚೆ 18% ಇತ್ತು. ಫ್ಯಾಮಿಲಿ ಫ್ಲೋಟರ್ (ಇಡೀ ಮನೆಯವರಿಗೆ ಒಂದೇ ಪಾಲಿಸಿ), ಹಿರಿಯರ ಪಾಲಿಸಿ ಎಲ್ಲದಕ್ಕೂ ಇದು ಅನ್ವಯ ಆಗುತ್ತೆ, ಆದ್ರೆ ಆಫೀಸ್‌ನಿಂದ ಕೊಡೋ ಗ್ರೂಪ್ ಪಾಲಿಸಿಗೆ ಇಲ್ಲ. ಟ್ಯಾಕ್ಸ್ ಹೋದ್ರೂ ಟೋಟಲ್ ಕಮ್ಮಿ ಆಗಿಲ್ಲ ಅಂದ್ರೆ ಮೂಲ ಪ್ರೀಮಿಯಮ್ಮೇ ಏರಿದೆ ಅಂತ ಅರ್ಥ, ಹೋದ ವರ್ಷದ ರಸೀದಿ ಪಕ್ಕದಲ್ಲಿಟ್ಕೊಂಡು ಹೋಲಿಸಿ ನೋಡಿ.

ಜಾಸ್ತಿ ಅನ್ಸಿದ್ರೆ ಪೋರ್ಟ್ ಮಾಡಿಸಿ. ಸಿಮ್ ನಂಬರ್ ಪೋರ್ಟ್ ಮಾಡಿದ ಹಾಗೇನೇ, ಬೇರೆ ಕಂಪನಿಗೆ ಹೋದ್ರೂ ಬಿಪಿ, ಶುಗರ್‌ಗೆ ನೀವು ಈಗಾಗ್ಲೇ ಕಳೆದಿರೋ ವೇಟಿಂಗ್ ಪೀರಿಯಡ್ (ಮೊದಲೇ ಇರೋ ಕಾಯಿಲೆಗೆ ಕ್ಲೇಮ್ ಸಿಗೋಕೆ ಕಾಯ್ಬೇಕಾದ ಅವಧಿ) ಹಳೇ ಕವರ್ ಮೊತ್ತದವರೆಗೂ ಲೆಕ್ಕಕ್ಕೆ ಬರುತ್ತೆ. ಆದ್ರೆ ಹೊಸ ಕಂಪನಿ ಬೇಡ ಅನ್ನಬಹುದು, ಹಾಗಾಗಿ ರಿನ್ಯೂವಲ್‌ಗೆ ಒಂದೂವರೆ ಎರಡು ತಿಂಗಳು ಮುಂಚೆನೇ ಅರ್ಜಿ ಹಾಕಿ, ಅಲ್ಲಿ ಒಪ್ಪಿಗೆ ಸಿಗೋವರೆಗೂ ಹಳೇ ಪಾಲಿಸಿ ದಯವಿಟ್ಟು ಬಿಡ್ಬೇಡಿ.

ಮನೇಲಿ ಅಪ್ಪ ಅಮ್ಮನ ಪಾಲಿಸಿ ಇದ್ರೆ ಇನ್ನೊಂದು ವಿಷ್ಯ, 60 ದಾಟಿದವರ ಪ್ರೀಮಿಯಂ ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸ್ಬೇಕಂದ್ರೆ ಕಂಪನಿ ಮೊದಲು ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಜೊತೆ ಮಾತಾಡ್ಲೇಬೇಕು, 2025ರ ಜನವರಿಯಲ್ಲೇ ಆದೇಶ ಆಗಿದೆ. ಅದಕ್ಕಿಂತ ಜಾಸ್ತಿ ಬಂದಿದ್ರೆ ಸುಮ್ನಿರ್ಬೇಡಿ, ಕಂಪನಿಗೆ ಬರೆದು ಕೇಳಿ, ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ಐಆರ್‌ಡಿಎಐನದ್ದೇ ಆದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಹಾಕಿ.