ಮೊದಲು ಅಳತೆ, ಆಮೇಲೆ ಕ್ಯಾಟಲಿಸ್ಟ್

ಒಂದು ಅಣುವಿನ ಎಡ, ಬಲ ರೂಪಗಳಲ್ಲಿ (ಎಡಗೈ, ಬಲಗೈಯಂತೆ ಕನ್ನಡಿ ಬಿಂಬಗಳು) ಒಂದನ್ನೇ ಹೆಚ್ಚು ಮಾಡುವುದು ಅಸಿಮೆಟ್ರಿಕ್ ಕ್ಯಾಟಲಿಸಿಸ್. ಆ ಲ್ಯಾಬಿಗೆ ಹೊಸದಾಗಿ ಸೇರಿದವರಿಗೆಲ್ಲ ಕ್ಯಾಟಲಿಸ್ಟ್ ಮಾಡುವ ಅವಸರ. ನಾನು ಮೊದಲು ರೇಸಿಮಿಕ್ ಮಾಡಿಸುತ್ತೇನೆ, ಅಂದರೆ ಎಡ, ಬಲ ಎರಡೂ ರೂಪಗಳು ಅರ್ಧರ್ಧ ಇರುವ ಸ್ಯಾಂಪಲ್. ಎಡ, ಬಲಗಳನ್ನು ಬೇರ್ಪಡಿಸುವ ಕೈರಲ್ ಕಾಲಂನಲ್ಲಿ ಅದರ ಎರಡು ಪೀಕುಗಳು ಬುಡದವರೆಗೆ ಬೇರೆಯಾಗಿ ನಿಂತ ಮೇಲೆಯೇ ಮುಂದಿನ ಮಾತು. ಮಾಮೂಲಿ ಪರೀಕ್ಷೆಗಳಿಗೆ ವ್ಯತ್ಯಾಸ ಕಾಣದು: ಟಿಎಲ್‌ಸಿಯಲ್ಲಿ ಎರಡೂ ಒಂದೇ ಸ್ಪಾಟ್, ಎನ್‌ಎಂಆರ್ ಕೂಡ ಒಂದೇ. ಪೀಕು ಬೇರೆಯಾಗದಿದ್ದರೆ ಕೈಯಲ್ಲಿರುವುದು 95 ಇಇಯೋ 20 ಇಇಯೋ, ಹೇಳುವವರು ಯಾರು? (ಇಇ ಅಂದರೆ ಒಂದು ರೂಪ ಇನ್ನೊಂದಕ್ಕಿಂತ ಶೇಕಡಾ ಎಷ್ಟು ಹೆಚ್ಚಿದೆ ಎಂಬ ಲೆಕ್ಕ. ಶೇ. 90 ಇಇ ಅಂದರೆ ಒಂದು ರೂಪ 95 ಪಾಲು, ಇನ್ನೊಂದು 5 ಪಾಲು.)

ನಾನು ಈ ದಾರಿಗೆ ಬಂದದ್ದು ಪ್ರೋಲಿನ್‌ನಿಂದ. 2000ದಲ್ಲಿ ಲಿಸ್ಟ್, ಲರ್ನರ್, ಬಾರ್ಬಾಸ್ ಎಂಬ ವಿಜ್ಞಾನಿಗಳು ಈ ಸಾಮಾನ್ಯ ಅಮೈನೋ ಆಮ್ಲವನ್ನೇ ಕ್ಯಾಟಲಿಸ್ಟ್ ಮಾಡಿಕೊಂಡು ಅಸಿಟೋನನ್ನು ಆಲ್ಡಿಹೈಡ್‌ಗೆ ಜೋಡಿಸುವ ಆಲ್ಡಾಲ್ ರಿಯಾಕ್ಷನ್ ಮಾಡಿ ತೋರಿಸಿದ್ದರು. ಪ್ಯಾರಾ-ನೈಟ್ರೋಬೆನ್ಜಾಲ್ಡಿಹೈಡ್‌ಗೆ 76 ಇಇ. ಲೋಹ ಬೇಡ, ಗ್ಲವ್‌ಬಾಕ್ಸ್ ಬೇಡ. ಡಿಎಂಎಸ್‌ಓ ಎಂಬ ಸಾಲ್ವೆಂಟ್, ಅಸಿಟೋನ್, ಕಲಕುವ ಮ್ಯಾಗ್ನೆಟ್ ಇದ್ದರೆ ಸಾಕು. ಹೆಚ್ಚು ಸೌಲಭ್ಯವಿಲ್ಲದ ಲ್ಯಾಬಿಗೆ ಇದಕ್ಕಿಂತ ಇನ್ನೇನು ಬೇಕು? 2021ರಲ್ಲಿ ಲಿಸ್ಟ್, ಮ್ಯಾಕ್‌ಮಿಲನ್ ಇಬ್ಬರಿಗೂ ಇಂಥ ಲೋಹವಿಲ್ಲದ ಕ್ಯಾಟಲಿಸ್ಟುಗಳಿಗಾಗಿಯೇ ನೊಬೆಲ್ ಬಂದ ಮೇಲೆ ನಮ್ಮ ಮನೆಯವರಿಗೂ ನಾನು ಏನೋ ಕೆಲಸ ಮಾಡುತ್ತಿದ್ದೇನೆ ಅನ್ನಿಸಿತು.

ಆಮೇಲೆ ನನ್ನನ್ನು ಹಿಡಿದಿಟ್ಟದ್ದು ಸಿಂಕೋನಾ ಥಯೋಯೂರಿಯಾಗಳು ಎಂಬ ಕ್ಯಾಟಲಿಸ್ಟುಗಳು. ಬ್ರಿಟಿಷರು ಮಲೇರಿಯಾ ಔಷಧಕ್ಕೆಂದು ನೀಲಗಿರಿಯಲ್ಲಿ ಬೆಳೆಸಿದ ಮರದ ತೊಗಟೆಯ ಕ್ವಿನೈನ್ ಇದಕ್ಕೆ ಮೂಲ. ಅದರ ಓಎಚ್ ಅನ್ನು ಅಮೀನ್ ಮಾಡಿ, ಅದಕ್ಕೆ ಥಯೋಯೂರಿಯಾ ಜೋಡಿಸಬೇಕು. ನಾವು ಇದನ್ನು ಬಳಸುವುದು ಮೆಲೋನೇಟ್ ಎಂಬ ಎಸ್ಟರನ್ನು ನೈಟ್ರೋಸ್ಟೈರೀನ್‌ಗೆ ಜೋಡಿಸಲು. ಥಯೋಯೂರಿಯಾದ ಎರಡು ಎನ್‌ಎಚ್‌ಗಳು ನೈಟ್ರೋಸ್ಟೈರೀನ್‌ನ ಆಮ್ಲಜನಕಗಳನ್ನು ಹಿಡಿದರೆ, ಕ್ವಿನೈನ್ ಕಡೆಯ ಸಾರಜನಕ ಮೆಲೋನೇಟಿನ ಪ್ರೋಟಾನ್ ಎತ್ತಿಕೊಳ್ಳುತ್ತದೆ. ಹೀಗೆ ಹಿಡಿದಾಗ ನೈಟ್ರೋಸ್ಟೈರೀನ್‌ನ ಒಂದು ಮುಖ ಮುಚ್ಚಿ, ಮೆಲೋನೇಟಿನ ದಾಳಿಗೆ ಇನ್ನೊಂದೇ ಉಳಿಯುತ್ತದೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಕೂರದ ಹಾಗೆ. ಎಡ ರೂಪದ ದಾರಿಗೂ ಬಲ ರೂಪದ ದಾರಿಗೂ ಮೋಲ್‌ಗೆ ಬರೀ 2 ಕಿಲೋಕ್ಯಾಲೊರಿ ಶಕ್ತಿಯ ವ್ಯತ್ಯಾಸವಿದ್ದರೆ 25 ಡಿಗ್ರಿಯಲ್ಲೇ 93ರ ಆಸುಪಾಸಿನ ಇಇ ಸಿಗುತ್ತದೆ. ತಣ್ಣಗೆ ಮಾಡಿದರೆ ಇನ್ನೂ ಏರುತ್ತದೆ, ಆದರೆ ರಿಯಾಕ್ಷನ್ ಕುಂಟುತ್ತದೆ. ಸಾಲ್ವೆಂಟ್ ಟೊಲೀನ್ ಇದ್ದರೆ ಒಳ್ಳೆಯದು. ಮೆಥನಾಲ್ ಹಾಕಿದಿರೋ, ಎನ್‌ಎಚ್‌ಗಳು ನೈಟ್ರೋ ಬಿಟ್ಟು ಮೆಥನಾಲನ್ನೇ ಹಿಡಿದು ಕೂರುತ್ತವೆ. ನೈಟ್ರೋಸ್ಟೈರೀನ್‌ನ ಹಳದಿ ಹರಳು ನೋಡಲು ಚಂದ, ಆದರೆ ಕಣ್ಣು ಉರಿಸುತ್ತದೆ. ತೂಗುವುದೂ ಫ್ಯೂಮ್ ಹುಡ್ಡಿನೊಳಗೇ.

ನಾವು ಇದನ್ನು ಬ್ಯಾಕ್ಲೋಫೆನ್‌ವರೆಗೆ ಒಯ್ದೆವು. ಸ್ನಾಯು ಸೆಳೆತಕ್ಕೆ ಕೊಡುವ ಈ ಔಷಧವನ್ನು ಎರಡೂ ರೂಪಗಳ ಮಿಶ್ರಣವಾಗಿಯೇ ಮಾರುತ್ತಾರೆ, ಕೆಲಸ ಮಾಡುವುದು ಮಾತ್ರ ಅವೆರಡರಲ್ಲಿ ಆರ್ (R) ಎಂದು ಕರೆಯುವ ರೂಪ. ದಾರಿ ನಮ್ಮದಲ್ಲ, ಟಾಕೆಮೊಟೊ ಗುಂಪು 2005ರಲ್ಲೇ ತಮ್ಮ ಥಯೋಯೂರಿಯಾದಿಂದ ತೋರಿಸಿದ್ದು. ಕ್ಲೋರೋ-ನೈಟ್ರೋಸ್ಟೈರೀನ್‌ಗೆ ಮೆಲೋನೇಟ್ ಸೇರಿಸಿದರೆ ಕೈರಲ್ ಕೇಂದ್ರ, ಅಂದರೆ ಎಡವೋ ಬಲವೋ ಎಂದು ನಿರ್ಧರಿಸುವ ಇಂಗಾಲ, ಸಿದ್ಧ. ಇಲ್ಲಿ ಹುಡುಗರಿಗೆ ನಾನು ಪದೇಪದೇ ಹೇಳುವುದೊಂದಿದೆ: ಹರಳು ಮಾಡುವ ಮೊದಲೇ, ಇನ್ನೂ ಶುದ್ಧ ಮಾಡದ ಕ್ರೂಡ್‌ನಲ್ಲೇ ಇಇ ನೋಡಿ. ಹರಳಿನಲ್ಲೊಂದು ಇಇ, ಸೋಸಿದ ದ್ರವದಲ್ಲಿ ಇನ್ನೊಂದು ಬರುತ್ತದೆ. ಸಿಲಿಕಾ ಕಾಲಂನ ಮೊದಲ ಫ್ರಾಕ್ಷನ್ನಿಗೂ ಕೊನೆಯದಕ್ಕೂ ವ್ಯತ್ಯಾಸ ಬರುವುದುಂಟು. ಹರಳು ಮಾಡಿ ಇಇ ಏರಿಸಿದ್ದು ಒಳ್ಳೆಯದೇ, ಆದರೆ ಆ ಹೆಗ್ಗಳಿಕೆ ಕ್ಯಾಟಲಿಸ್ಟಿನದಲ್ಲ.

ಮುಂದಿನದು ನೈಟ್ರೋ ರಿಡಕ್ಷನ್, ಅಂದರೆ ನೈಟ್ರೋವನ್ನು ಅಮೀನ್ ಮಾಡುವುದು. ಹಸಿರು ನಿಕ್ಕಲ್ ಕ್ಲೋರೈಡ್ ದ್ರಾವಣಕ್ಕೆ, ಮಂಜುಗಡ್ಡೆಯ ಮೇಲಿಟ್ಟು, ಬೋರೋಹೈಡ್ರೈಡನ್ನು ಚಿಟಿಕೆ ಚಿಟಿಕೆಯಾಗಿ ಹಾಕಬೇಕು. ಕ್ಷಣದಲ್ಲಿ ಮಸಿಯಷ್ಟು ಕಪ್ಪಾಗಿ ನೊರೆ ಉಕ್ಕುತ್ತದೆ, ಫ್ಲಾಸ್ಕ್ ದೊಡ್ಡದೇ ಇರಲಿ. ಹುಟ್ಟಿದ ಅಮೀನ್ ಪಕ್ಕದ ಎಸ್ಟರಿಗೇ ಅಂಟಿಕೊಂಡು ಲ್ಯಾಕ್ಟಂ ಎಂಬ ಉಂಗುರ ಆಗುತ್ತದೆ. ಆ ಕಪ್ಪು ಪುಡಿ ಫಿಲ್ಟರ್ ಪೇಪರನ್ನು ಕಟ್ಟಿಬಿಡುತ್ತದೆ, ಅದಕ್ಕೇ ಸೋಸಲು ಸೆಲೈಟ್ ಪುಡಿಯ ಹಾಸು. ಕೊನೆಗೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿದರೆ ಬ್ಯಾಕ್ಲೋಫೆನ್ ಉಪ್ಪು. ಅದು ನಮ್ಮ ಕೈರಲ್ ಕಾಲಂನಲ್ಲಿ ಹರಿಸುವ ಹೆಕ್ಸೇನ್–ಐಸೋಪ್ರೊಪನಾಲ್‌ನಲ್ಲಿ ಕರಗುವುದಿಲ್ಲ. ಹಾಗಾಗಿ ಕೈರಲ್ ಕಾಲಂಗೆ ಹಾಕುವುದು ಲ್ಯಾಕ್ಟಂ ಹಂತದಲ್ಲಿ, ಉಪ್ಪಿಗೆ ಬೆಳಕು ಎಷ್ಟು ತಿರುಗುತ್ತದೆಂದು ಅಳೆಯುವ ಪೋಲಾರಿಮೀಟರ್.